ನೀಲಿ ಪರದೆ, ಆಗದ ಅಪ್‌ಡೇಟ್: ಒಂಬತ್ತು ವರ್ಷದ ಲ್ಯಾಪ್‌ಟಾಪ್ ರಿಪೇರಿ

ಯಂತ್ರದ ವಿವರ ಮೊದಲು. 2016ರಲ್ಲಿ ಕೊಂಡ 15.6 ಇಂಚಿನ ಲ್ಯಾಪ್‌ಟಾಪ್. ಇಂಟೆಲ್‌ನ ಆರನೇ ತಲೆಮಾರಿನ ಐ5-6200ಯು ಪ್ರೊಸೆಸರ್. ಓಡುತ್ತಿರುವ ಕೆಲಸವನ್ನು ನೆನಪಿಟ್ಟುಕೊಳ್ಳಲು 4 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್. ಅದರಲ್ಲಿ ಒಂದು ಲ್ಯಾಪ್‌ಟಾಪಿನ ಜೊತೆಗೇ ಬಂದದ್ದು, ಇನ್ನೊಂದು ಆಮೇಲೆ ಅಂಗಡಿಯಲ್ಲಿ ಹಾಕಿಸಿದ್ದು. ಹಾರ್ಡ್ ಡಿಸ್ಕ್ ತೆಗೆಸಿ 240 ಜಿಬಿಯ ಎಸ್‌ಎಸ್‌ಡಿ ಹಾಕಿಸಿದ್ದೂ ಆಗಲೇ. ವಿಂಡೋಸ್ 10, ಹೋಮ್ ಸಿಂಗಲ್ ಲಾಂಗ್ವೇಜ್, 22ಎಚ್2 ಆವೃತ್ತಿ.

ಇದು ನನ್ನ ದೊಡ್ಡಮ್ಮನ ಮಗಳದ್ದು. ಅಕ್ಕ ಸಾಗರದ ಹತ್ತಿರ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಪ್ರಶ್ನೆಪತ್ರಿಕೆ, ಪಾಠದ ಟಿಪ್ಪಣಿ, ಮಕ್ಕಳ ನಾಟಕದ ಸ್ಕ್ರಿಪ್ಟು, ಎಲ್ಲ ಇದರಲ್ಲೇ. ಬಹುಪಾಲು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದು.

ತೊಂದರೆ ಎರಡು ಅಂತ ಅಕ್ಕ ಹೇಳಿದಳು. ಒಂದು, ಕೆಲಸ ಮಾಡುತ್ತಿರುವಾಗಲೇ ನೀಲಿ ಪರದೆ ಬಂದು ರೀಸ್ಟಾರ್ಟ್ ಆಗುತ್ತದೆ. ಎರಡು, ಅಪ್‌ಡೇಟ್ ಡೌನ್‌ಲೋಡ್ ಆಗುತ್ತದೆ, ಇನ್‌ಸ್ಟಾಲ್ ಶುರುವಾಗುತ್ತದೆ, ಅರ್ಧಕ್ಕೆ ಹೋಗಿ "ಬದಲಾವಣೆಗಳನ್ನು ಹಿಂತೆಗೆಯಲಾಗುತ್ತಿದೆ" ಅಂತ ಮತ್ತೆ ಮೊದಲಿನ ಜಾಗಕ್ಕೆ ಬರುತ್ತದೆ. "ಅಪ್‌ಡೇಟ್ ಹಾಕಿ ಮಲಗಿದ್ರೆ ಬೆಳಿಗ್ಗೆ ಎದ್ದಾಗ ಅದೇ ಅಪ್‌ಡೇಟ್ ಮತ್ತೆ ಕಾಯ್ತಾ ಇರ್ತದೆ ಮಾರಾಯ" ಅಂದಳು.

ಎರಡನ್ನೂ ಬೇರೆ ಬೇರೆ ಅಂತ ನೋಡುವುದರಲ್ಲೇ ಜನ ಸೋಲುತ್ತಾರೆ. ಹಳೆ ಲ್ಯಾಪ್‌ಟಾಪಿನಲ್ಲಿ ಕ್ರ್ಯಾಶ್ ಮತ್ತು ಅಪ್‌ಡೇಟ್ ಸೋಲು ಒಟ್ಟಿಗೆ ಕಾಣಿಸಿಕೊಂಡರೆ, ಮೊದಲು ಹಾರ್ಡ್‌ವೇರ್ ನೋಡಬೇಕು. ಅದು ಸರಿ ಇದೆ ಅಂತ ಖಾತ್ರಿಯಾದ ಮೇಲೆಯೇ ವಿಂಡೋಸ್ ರಿಪೇರಿಗೆ ಕೈ ಹಾಕಬೇಕು. ಈ ಕ್ರಮ ತಪ್ಪಿದರೆ ಮಾಡಿದ ಕೆಲಸ ನಿಲ್ಲುವುದಿಲ್ಲ. ಅಕ್ಕನ ಲ್ಯಾಪ್‌ಟಾಪಿಗೆ ಆದದ್ದೂ ಅದೇ. ಊರಿನ ಅಂಗಡಿಯಲ್ಲಿ ಗ್ರಾಫಿಕ್ಸ್ ಡ್ರೈವರ್ (ಗ್ರಾಫಿಕ್ಸ್ ಭಾಗವನ್ನು ವಿಂಡೋಸ್ ಜೊತೆ ಜೋಡಿಸುವ ತಂತ್ರಾಂಶ) ಬದಲಿಸಿದ್ದರು. ಅಪ್‌ಡೇಟ್ ಫೋಲ್ಡರ್ ಖಾಲಿ ಮಾಡಿದ್ದರು. ಸಿಸ್ಟಮ್ ಫೈಲುಗಳನ್ನೂ ರಿಪೇರಿ ಮಾಡಿದ್ದರು. ಪ್ರತಿ ಸಲ ಕೆಲವು ದಿನ ಚೆನ್ನಾಗಿತ್ತು, ಆಮೇಲೆ ಮತ್ತೆ ಅದೇ ಕಥೆ.

ಹೊಸದು ಕೊಳ್ಳಬಹುದಲ್ವಾ ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಕೀಬೋರ್ಡ್ ಚೆನ್ನಾಗಿದೆ, ಪರದೆ ಚೆನ್ನಾಗಿದೆ, ಟೈಪಿಂಗಿಗೂ ಪ್ರೊಜೆಕ್ಟರಿಗೂ ಈ ಪ್ರೊಸೆಸರ್ ಧಾರಾಳವಾಗಿ ಸಾಕು. ಇಂಥದ್ದನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ. ಆದರೆ ಅವಸರವಿತ್ತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ಮುಗಿಯುವುದಿತ್ತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಬೇಕು, ಇದು ಆರನೆಯದು. ಉಳಿದ ದಾರಿ ಇನ್ನೊಂದು ವರ್ಷದ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟ್ ಯೋಜನೆಗೆ ಸೇರಿಸುವುದು. ಅದಕ್ಕೆ ಲ್ಯಾಪ್‌ಟಾಪಿನಲ್ಲಿ ಅಲ್ಲಿಯವರೆಗಿನ ಅಪ್‌ಡೇಟ್‌ಗಳು ಆಗಿರಬೇಕು. ಅದೇ ಅಲ್ವಾ ಆಗದೆ ಕೂತಿದ್ದು!

ಸುಳಿವು ಓದುವುದು

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಲ್ಯಾಪ್‌ಟಾಪ್ ತಾನೇ ಬರೆದಿಟ್ಟ ದಾಖಲೆ ಓದಬೇಕು. ವಿಂಡೋಸ್‌ನಲ್ಲಿ ರಿಲಯಬಿಲಿಟಿ ಮಾನಿಟರ್ ಅಂತ ಒಂದಿದೆ. ಸರ್ಚ್ ಪೆಟ್ಟಿಗೆಯಲ್ಲಿ ಆ ಹೆಸರು ಹೊಡೆದರೆ ಬರುತ್ತದೆ. ದಿನದಿನದ ಪಟ್ಟಿ, ಕ್ರ್ಯಾಶ್ ಆದ ದಿನ ಕೆಂಪು ಗುರುತು, ಅಪ್‌ಡೇಟ್ ಸೋತ ದಿನವೂ ಗುರುತು. ಇಷ್ಟು ಉಪಯೋಗದ ಪುಟವನ್ನು ಯಾರೂ ತೆರೆಯುವುದಿಲ್ಲ ಅನ್ನುವುದು ನನಗೆ ಬೇಸರದ ವಿಷಯ. ಅಕ್ಕನದ್ದರಲ್ಲಿ ಕೆಂಪು ಗುರುತುಗಳು ಹರಡಿಕೊಂಡಿರಲಿಲ್ಲ. ಗುಂಪುಗುಂಪಾಗಿದ್ದವು. ಕೆಲಸ ಜಾಸ್ತಿ ಇದ್ದ ದಿನ, ಮಧ್ಯಾಹ್ನದ ನಂತರ.

ಮುಂದಿನದು ಕ್ರ್ಯಾಶ್ ಡಂಪ್. ನೀಲಿ ಪರದೆ ಬಂದಾಗ ವಿಂಡೋಸ್ ಫೋಲ್ಡರಿನೊಳಗಿನ ಮಿನಿಡಂಪ್‌ನಲ್ಲಿ ಚಿಕ್ಕ ಫೈಲ್ ಬೀಳುತ್ತದೆ. ಅವನ್ನೆಲ್ಲ ಒಂದೇ ಪಟ್ಟಿಯಲ್ಲಿ ತೋರಿಸಲು ಬ್ಲೂಸ್ಕ್ರೀನ್‌ವ್ಯೂ ಅನ್ನುವ ಪುಕ್ಕಟೆ ಸಾಧನ ಸಾಕು. ಅಲ್ಲಿ ಕಂಡದ್ದು ಮುಖ್ಯ. ಒಂದು ದಿನ "ಮೆಮೊರಿ ಮ್ಯಾನೇಜ್‌ಮೆಂಟ್", ಇನ್ನೊಂದು ದಿನ "ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ", ಮತ್ತೊಂದು ದಿನ "ಐಆರ್‌ಕ್ಯೂಎಲ್ ನಾಟ್ ಲೆಸ್ ಆರ್ ಈಕ್ವಲ್". ತಪ್ಪಿತಸ್ಥ ಅಂತ ತೋರಿಸುವ ಡ್ರೈವರ್ ಹೆಸರೂ ಪ್ರತಿ ಸಲ ಬೇರೆ. ಒಮ್ಮೆ ಗ್ರಾಫಿಕ್ಸ್, ಒಮ್ಮೆ ವೈಫೈ, ಒಮ್ಮೆ ವಿಂಡೋಸ್‌ನ ತಿರುಳೇ.

ಒಂದು ಡ್ರೈವರ್ ನಿಜವಾಗಿ ಕೆಟ್ಟಿದ್ದರೆ ಅದರದೇ ಹೆಸರು, ಅದೇ ಕೋಡ್ ಮರಳಿ ಮರಳಿ ಬರುತ್ತದೆ. ಹೆಸರು ಬದಲಾಗುತ್ತಲೇ ಇದ್ದರೆ, ಯಾರು ಆ ಹೊತ್ತಿಗೆ ಕೆಟ್ಟ ಜಾಗದಲ್ಲಿ ಕೂತಿದ್ದರೋ ಅವರ ಮೇಲೆ ಅಪವಾದ ಬರುತ್ತಿದೆ ಎಂದರ್ಥ. ನನ್ನ ಅನುಮಾನ ರ‍್ಯಾಮ್ ಕಡೆ ತಿರುಗಿದ್ದು ಇಲ್ಲಿ. "ಮೆಮೊರಿ ಮ್ಯಾನೇಜ್‌ಮೆಂಟ್" ಅನ್ನುವ ಹೆಸರು ನೋಡಿ ಅಲ್ಲ. ಆ ಕೋಡ್ ಕೆಟ್ಟ ಡ್ರೈವರಿನಿಂದಲೂ ಬರಬಹುದು.

ವಿಂಡೋಸ್ ಬರೆದಿಟ್ಟ ಘಟನೆಗಳನ್ನು ತೋರಿಸುವ ಈವೆಂಟ್ ವ್ಯೂವರಿನಲ್ಲಿ "ಕರ್ನಲ್-ಪವರ್ 41" ಸಾಲುಗಳು ಬಹಳ ಇದ್ದವು. ಅದನ್ನು ನೋಡಿ ಚಾರ್ಜರ್ ಹೋಗಿದೆ, ಪವರ್ ಸಮಸ್ಯೆ ಅಂತ ತೀರ್ಮಾನಿಸುವವರು ಬಹಳ. 41 ಹೇಳುವುದು ಇಷ್ಟೇ: ಹಿಂದಿನ ಸಲ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿತು. ಯಾಕೆ ಅಂತ ಅದು ಹೇಳುವುದಿಲ್ಲ. ಡಿಸ್ಕ್ ಕೆಟ್ಟಾಗ ಬರುವ 7, 153 ನಂಬರಿನ ಈವೆಂಟುಗಳು ಇರಲಿಲ್ಲ. ಅದು ಸ್ವಲ್ಪ ಧೈರ್ಯ ಕೊಟ್ಟಿತು.

ಅಪ್‌ಡೇಟ್ ಹಿಸ್ಟರಿಯಲ್ಲಿ ಸೋತ ಪ್ರತಿಯೊಂದರ ಪಕ್ಕ ಎರರ್ ಕೋಡ್ ಇರುತ್ತದೆ. ಬಹುಪಾಲು 80073712. ಇದರ ಅರ್ಥ ವಿಂಡೋಸ್‌ನ ಕಾಂಪೊನೆಂಟ್ ಸ್ಟೋರ್ ಕೆಟ್ಟಿದೆ ಎಂದು. ವಿಂಡೋಸ್ ತನ್ನ ಎಲ್ಲ ಭಾಗಗಳ ಪ್ರತಿ ಇಟ್ಟುಕೊಳ್ಳುವ ಜಾಗ ಅದು, ವಿನ್‌ಎಸ್‌ಎಕ್ಸ್‌ಎಸ್ ಅನ್ನುವ ಫೋಲ್ಡರ್. ಹಳೆಯ ಒಂದು ಸಾಲಿನಲ್ಲಿ ಮಾತ್ರ 80070643 ಇತ್ತು. ಅದು ಬೇರೆಯೇ ವಿಷಯ, ಮುಂದೆ ಹೇಳುತ್ತೇನೆ.

ಅಕ್ಕ ಮಾತಿನ ಮಧ್ಯೆ ಇನ್ನೊಂದು ಹೇಳಿದಳು. "ಹಾಸಿಗೆ ಮೇಲೆ ಇಟ್ಕೊಂಡ್ರೆ ಬೇಗ ಕೈ ಕೊಡ್ತದೆ. ಟೇಬಲ್ ಮೇಲೆ ಅಷ್ಟಿಲ್ಲ." ಉಪಯೋಗಿಸುವವರ ಮಾತು ಕೇಳಬೇಕು. ನಾನು ಲಾಗ್‌ನಲ್ಲಿ ಹುಡುಕುತ್ತಿದ್ದದ್ದರ ಅರ್ಧ ಉತ್ತರ ಆ ಮಾತಿನಲ್ಲಿತ್ತು.

ಮೊದಲು ಫೈಲುಗಳು

ಬ್ಯಾಕಪ್ ಮಾಡದೆ ಯಾವ ರಿಪೇರಿಯನ್ನೂ ಶುರು ಮಾಡಬಾರದು. ಇದು ಎಲ್ಲರಿಗೂ ಗೊತ್ತು. ಆದರೆ ರ‍್ಯಾಮ್ ಮೇಲೆ ಅನುಮಾನ ಇದ್ದಾಗ ಅದೇ ಲ್ಯಾಪ್‌ಟಾಪಿನಲ್ಲಿ ಕಾಪಿ ಮಾಡಬಾರದು ಅನ್ನುವುದು ಅಷ್ಟಾಗಿ ಯಾರೂ ಯೋಚಿಸದ ವಿಷಯ. ಕಾಪಿ ಆಗುವ ಪ್ರತಿ ಬೈಟೂ ರ‍್ಯಾಮ್ ಮೂಲಕವೇ ಹೋಗುತ್ತದೆ. ರ‍್ಯಾಮ್ ಕೆಟ್ಟಿದ್ದರೆ ಎಸ್‌ಎಸ್‌ಡಿಯಲ್ಲಿ ಚೆನ್ನಾಗಿರುವ ಫೈಲ್ ಬ್ಯಾಕಪ್‌ನಲ್ಲಿ ಕೆಟ್ಟು ಕೂರಬಹುದು. ಗೊತ್ತಾಗುವುದು ಯಾವಾಗಲೋ, ಫೋಟೋ ತೆರೆದಾಗ ಅರ್ಧ ಬೂದು ಬಣ್ಣ ಬಂದಾಗ.

ಹಾಗಾಗಿ ಎಸ್‌ಎಸ್‌ಡಿಯನ್ನೇ ಹೊರಗೆ ತೆಗೆದೆ. ಅಡಿಯ ಮುಚ್ಚಳದ ಸ್ಕ್ರೂಗಳು ಎಲ್ಲ ಒಂದೇ ಉದ್ದ ಇರುವುದಿಲ್ಲ. ಉದ್ದದ ಸ್ಕ್ರೂ ತಪ್ಪು ಜಾಗಕ್ಕೆ ಹೋದರೆ ಮೇಲಿನ ಪ್ಲಾಸ್ಟಿಕ್ ಉಬ್ಬುತ್ತದೆ, ಕೆಲವೊಮ್ಮೆ ಬೋರ್ಡಿಗೇ ತಾಗುತ್ತದೆ. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ಆಯಾ ಜಾಗದಲ್ಲಿ ಆಯಾ ಸ್ಕ್ರೂ ಚುಚ್ಚಿಟ್ಟೆ. ಎರಡು ಸ್ಕ್ರೂ ರಬ್ಬರ್ ಪಾದದ ಕೆಳಗೆ ಅಡಗಿದ್ದವು. ಮುಚ್ಚಳ ಬಿಚ್ಚಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಮೇಲೆ ಪವರ್ ಬಟನ್ ಸ್ವಲ್ಪ ಹೊತ್ತು ಒತ್ತಿ ಹಿಡಿದು ಉಳಿದ ಕರೆಂಟ್ ಹೋಗಲಾಡಿಸಬೇಕು. ಬ್ಯಾಟರಿ ಊದಿಕೊಂಡಿದೆಯೇ ಅಂತಲೂ ನೋಡಿ. ಊದಿದ್ದರೆ ಅಲ್ಲಿಗೇ ಕೆಲಸ ನಿಲ್ಲಿಸಿ, ಬ್ಯಾಟರಿ ಬದಲಿಸದೆ ಮುಂದೆ ಹೋಗಬೇಡಿ. ಚುಚ್ಚುವುದು, ಒತ್ತುವುದು ಖಂಡಿತ ಬೇಡ. ಇದು ಊದಿರಲಿಲ್ಲ.

ಎಸ್‌ಎಸ್‌ಡಿಯನ್ನು ಯುಎಸ್‌ಬಿ ಕೇಸಿಗೆ ಹಾಕಿ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಅಲ್ಲಿಯೇ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ಸ್ಮಾರ್ಟ್ ಅಂಕಿಗಳನ್ನೂ (ಡಿಸ್ಕ್ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ) ನೋಡಿದೆ. ಆರೋಗ್ಯ ಚೆನ್ನಾಗಿತ್ತು. ಹಾರ್ಡ್ ಡಿಸ್ಕ್ ಇರುವವರು ಇಲ್ಲಿ ಮೂರು ಸಾಲು ನೋಡಬೇಕು: 05, ಸಿ5, ಸಿ6. ಸಿ5 ಅಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರುಗಳು, ಡಿಸ್ಕಿನ ಚಿಕ್ಕ ಚಿಕ್ಕ ತುಂಡು ಜಾಗಗಳು. ಅದು ಸೊನ್ನೆ ಅಲ್ಲದಿದ್ದರೆ, ಏರುತ್ತಾ ಇದ್ದರೆ, ಆ ಡಿಸ್ಕ್ ಮೇಲೆ ಯಾವ ರಿಪೇರಿಯೂ ಬೇಡ. ಫೈಲ್ ತೆಗೆದುಕೊಳ್ಳಿ, ಡಿಸ್ಕ್ ಬದಲಿಸಿ. ಎಷ್ಟೋ ಜನ ಇಂಥ ಹೊತ್ತಿನಲ್ಲಿ ಬ್ಯಾಕಪ್‌ಗೆ ಮುಂಚೆಯೇ ಚೆಕ್‌ಡಿಸ್ಕ್‌ನ ಪೂರ್ತಿ ಸ್ಕ್ಯಾನ್ ಓಡಿಸುತ್ತಾರೆ. ಸಾಯುತ್ತಿರುವ ಡಿಸ್ಕನ್ನು ತುದಿಯಿಂದ ತುದಿಗೆ ಗಂಟೆಗಟ್ಟಲೆ ಓದಿಸಿದರೆ ಉಳಿದದ್ದೂ ಹೋಗುತ್ತದೆ. ಸಿ7 ಅನ್ನುವ ಸಾಲು ಜಾಸ್ತಿಯಾಗುತ್ತಿದ್ದರೆ ದೋಷ ಸಾಮಾನ್ಯವಾಗಿ ಡಿಸ್ಕಿನದಲ್ಲ, ಕೇಬಲ್ ಅಥವಾ ಕನೆಕ್ಟರಿನದು.

ಇನ್ನೊಂದು ಎಚ್ಚರಿಕೆ. ಕೆಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ (ಡಿಸ್ಕಿನ ಫೈಲುಗಳಿಗೆ ಹಾಕಿದ ಬೀಗ) ಆನ್ ಆಗಿರುತ್ತದೆ. ಹಾಗಿದ್ದರೆ ಡಿಸ್ಕ್ ಬಿಚ್ಚುವ ಮೊದಲು, ಬಯಾಸ್ (ವಿಂಡೋಸ್‌ಗೂ ಮೊದಲು ಓಡುವ ಲ್ಯಾಪ್‌ಟಾಪಿನ ಮೂಲ ತಂತ್ರಾಂಶ) ಮುಟ್ಟುವ ಮೊದಲು, 48 ಅಂಕಿಯ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಫೈಲುಗಳು ಕಣ್ಣೆದುರಿಗಿದ್ದೂ ಸಿಗುವುದಿಲ್ಲ.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಮಾತ್ರ ಬರುವ ಒಂದು ವಿಷಯ ಇದೆ. ನುಡಿಯ ಹಳೆಯ ಫೈಲುಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಯಂತ್ರಗಳಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿಲ್ಲ. "ನುಡಿ 01 ಇ" ತರಹದ ಫಾಂಟ್ ಇದ್ದರೆ ಮಾತ್ರ ಅಕ್ಷರ ಕನ್ನಡವಾಗಿ ಕಾಣುತ್ತದೆ. ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ ಕಾಪಿ ಮಾಡಿ ಸುಮ್ನೆ ಕೂತರೆ ಆಗದು. ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ನುಡಿ ಮತ್ತು ಬರಹ ತಂತ್ರಾಂಶಗಳ ಫಾಂಟುಗಳನ್ನೂ ಬ್ಯಾಕಪ್‌ಗೆ ಸೇರಿಸಿದೆ. ಅಕ್ಕನ ಹಳೆಯ ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗಳೆಲ್ಲ ಈ ತರಹದವು. ಒಂದು ಫೈಲನ್ನು ನನ್ನ ಯಂತ್ರದಲ್ಲಿ ತೆರೆದು, ಒತ್ತಕ್ಷರ ಸರಿಯಾಗಿ ಬಂದಿದೆಯೇ ಅಂತ ನೋಡಿಯೇ ಮುಂದೆ ಹೋದೆ.

ಧೂಳು ಮತ್ತು ಶಾಖ

ಮುಚ್ಚಳ ತೆಗೆದಾಗಲೇ ಕಂಡಿತ್ತು. ಫ್ಯಾನಿಗೂ ಶಾಖ ಹೊರಹಾಕುವ ಹೀಟ್‌ಸಿಂಕಿನ ರೆಕ್ಕೆಗಳಿಗೂ ಮಧ್ಯೆ ಧೂಳು ಚಾಪೆಯಂತೆ ಕೂತಿತ್ತು. ಹೊರಗಿನಿಂದ ಊದಿದರೆ ಇದು ಬರುವುದಿಲ್ಲ, ಇನ್ನೂ ಒಳಗೆ ಒತ್ತಿಕೊಳ್ಳುತ್ತದೆ. ಫ್ಯಾನ್ ಬಿಚ್ಚಿ, ಆ ಪದರವನ್ನು ಚಿಮಟದಲ್ಲಿ ಎಳೆದು ತೆಗೆದೆ. ಬ್ರಷ್ ಹಾಕುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ತಡೆಹಿಡಿದುಕೊಳ್ಳಬೇಕು. ಬ್ಲೋವರ್ ಗಾಳಿಗೆ ಅದು ಹಿಡಿತವಿಲ್ಲದೆ ತಿರುಗಿದರೆ ಬೇರಿಂಗ್ ಹಾಳು. ಪ್ರೊಸೆಸರಿನ ಶಾಖವನ್ನು ಹೀಟ್‌ಸಿಂಕಿಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿ ಬಿರುಕು ಬಿಟ್ಟಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸದು ಹಚ್ಚಿದೆ.

ಈ ಪ್ರೊಸೆಸರಿನ ಗರಿಷ್ಠ ಮಿತಿ 100 ಡಿಗ್ರಿ ಸೆಲ್ಸಿಯಸ್. ಮೊದಲು ಸ್ವಲ್ಪ ಭಾರ ಬಿದ್ದರೂ 95 ದಾಟುತ್ತಿತ್ತು. ಶುಚಿ ಮಾಡಿದ ಮೇಲೆ 70ರ ಆಸುಪಾಸು. ಫ್ಯಾನಿನ ಗೋಳೂ ನಿಂತಿತು.

ನೀಲಿ ಪರದೆ ಕಡಿಮೆಯಾಯಿತು. ಆದರೆ ನಿಲ್ಲಲಿಲ್ಲ. ಇಲ್ಲಿಗೇ ಮುಗಿಯಿತು ಅಂತ ಲ್ಯಾಪ್‌ಟಾಪ್ ವಾಪಸ್ ಕೊಟ್ಟುಬಿಡುವ ಆಸೆ ಯಾರಿಗಾದರೂ ಬರುತ್ತದೆ. ಬರಿಯ ಶಾಖದ ತೊಂದರೆಯಾದರೆ ಸಾಮಾನ್ಯವಾಗಿ ಲ್ಯಾಪ್‌ಟಾಪ್ ನಿಧಾನವಾಗುತ್ತದೆ, ಮಿತಿ ಮೀರಿದರೆ ದಿಢೀರ್ ಆಫ್ ಆಗುತ್ತದೆ. ಬಗೆಬಗೆಯ ಕೋಡಿನ ನೀಲಿ ಪರದೆ ಬರುವುದು ಕಡಿಮೆ. ಶಾಖ ಬೇರೆ ಯಾವುದೋ ದೋಷವನ್ನು ಕೆರಳಿಸುತ್ತಿತ್ತು.

ರ‍್ಯಾಮ್ ಪರೀಕ್ಷೆ

ವಿಂಡೋಸ್‌ನ ಒಳಗೇ ಇರುವ ಮೆಮೊರಿ ಡಯಾಗ್ನೋಸ್ಟಿಕ್ ಅಂಗಡಿಯಲ್ಲಿ ಆಗಲೇ ಓಡಿಸಿದ್ದರಂತೆ. "ಯಾವ ದೋಷವೂ ಇಲ್ಲ" ಅಂತ ಬಂದಿತ್ತಂತೆ. ಅದರ ಮಾಮೂಲಿ ಪರೀಕ್ಷೆ ಚಿಕ್ಕದು. ಅದು ದೋಷ ತೋರಿಸಿದರೆ ನಂಬಬಹುದು, ತೋರಿಸದಿದ್ದರೆ ಅದೇ ಕೊನೆಯ ಮಾತಲ್ಲ. ನಾನು ವೆಂಟಾಯ್ (ಪೆನ್‌ಡ್ರೈವಿನಿಂದ ಬೂಟ್ ಮಾಡಿಸುವ ಸಾಧನ) ಹಾಕಿದ ಪೆನ್‌ಡ್ರೈವಿನಲ್ಲಿ ಮೆಮ್‌ಟೆಸ್ಟ್86 ಪ್ಲಸ್ ಇಟ್ಟುಕೊಂಡಿರುತ್ತೇನೆ. ಇದು ವಿಂಡೋಸ್ ಇಲ್ಲದೆ ನೇರವಾಗಿ ಬೂಟ್ ಆಗುತ್ತದೆ, ಪುಕ್ಕಟೆ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ (ಗುರುತಿಲ್ಲದ ತಂತ್ರಾಂಶ ಬೂಟ್ ಆಗದಂತೆ ಇರುವ ತಡೆ) ತಾತ್ಕಾಲಿಕವಾಗಿ ಆಫ್ ಮಾಡಬೇಕಾಯಿತು.

ಎರಡೂ ಸ್ಟಿಕ್ ಇಟ್ಟು ರಾತ್ರಿ ಓಡಲು ಬಿಟ್ಟೆ. ಮೊದಲ ಪಾಸ್, ಅಂದರೆ ಪರೀಕ್ಷೆಯ ಮೊದಲ ಸುತ್ತು, ಶುದ್ಧ. ಯಂತ್ರ ಬಿಸಿಯಾದ ಮೇಲಿನ ಪಾಸುಗಳಲ್ಲಿ ಕೆಂಪು ಸಾಲುಗಳು ಬಂದವು. ಪ್ರತಿ ಸಲವೂ ಅದೇ ವಿಳಾಸ, ಅದೇ ಬಿಟ್. ಬರೆದದ್ದಕ್ಕೂ ಓದಿದ್ದಕ್ಕೂ ಒಂದೇ ಒಂದು ಬಿಟ್ ವ್ಯತ್ಯಾಸ.

ರ‍್ಯಾಮ್‌ನ ಒಂದೊಂದು ಬಿಟ್ಟೂ ಒಂದು ಅತಿ ಪುಟ್ಟ ಕೆಪಾಸಿಟರ್. ಅದರಲ್ಲಿ ತುಂಬಿದ ಚಾರ್ಜ್ ಸೋರುತ್ತಲೇ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಪ್ರತಿ 64 ಮಿಲಿಸೆಕೆಂಡಿಗೊಮ್ಮೆ ಎಲ್ಲವನ್ನೂ ಓದಿ ಮತ್ತೆ ತುಂಬಲಾಗುತ್ತದೆ. 8 ಜಿಬಿ ಅಂದರೆ ಸುಮಾರು 6,872 ಕೋಟಿ ಬಿಟ್. ಅದರಲ್ಲಿ ಒಂದು ದುರ್ಬಲವಾಗಿ, 64 ಮಿಲಿಸೆಕೆಂಡ್ ಕೂಡ ಚಾರ್ಜ್ ಹಿಡಿದಿಟ್ಟುಕೊಳ್ಳಲಾರದೆ ಹೋದರೆ 1 ಇದ್ದದ್ದು 0 ಆಗುತ್ತದೆ. ಬಿಸಿಯಾದಷ್ಟೂ ಸೋರಿಕೆ ಜಾಸ್ತಿ. ಹಾಸಿಗೆ, ಮಧ್ಯಾಹ್ನದ ನಂತರದ ಕ್ರ್ಯಾಶ್, ಧೂಳು ತೆಗೆದ ಮೇಲೆ ಕಡಿಮೆಯಾದದ್ದು, ಅಂಗಡಿಯ ಚಿಕ್ಕ ಪರೀಕ್ಷೆಯಲ್ಲಿ ಪಾಸಾದದ್ದು, ಎಲ್ಲಕ್ಕೂ ಒಂದೇ ಕಾರಣ ಸಿಕ್ಕಿತು. ನನಗೆ ರಿಪೇರಿಯಲ್ಲಿ ಇದಕ್ಕಿಂತ ಖುಷಿ ಕೊಡುವ ಗಳಿಗೆ ಇಲ್ಲ.

ಇನ್ನು ಯಾವ ಸ್ಟಿಕ್? ವಿಳಾಸ ನೋಡಿ ಹೇಳಲಾಗದು. ಎರಡು ಸ್ಟಿಕ್ ಡ್ಯುಯಲ್ ಚಾನೆಲ್‌ನಲ್ಲಿ ಇದ್ದಾಗ ವಿಳಾಸಗಳು ಎರಡಕ್ಕೂ ಹಂಚಿ ಹೋಗಿರುತ್ತವೆ. ಒಂದೊಂದಾಗಿ, ಒಂದೇ ಸ್ಲಾಟಿನಲ್ಲಿ ಇಟ್ಟು ಪರೀಕ್ಷಿಸಬೇಕು. ಆಮೇಲೆ ಒಳ್ಳೆಯ ಸ್ಟಿಕ್ಕನ್ನು ಇನ್ನೊಂದು ಸ್ಲಾಟಿನಲ್ಲೂ ಇಟ್ಟು ನೋಡಬೇಕು. ಇಲ್ಲದಿದ್ದರೆ ಸ್ಲಾಟಿನ ದೋಷವನ್ನು ಸ್ಟಿಕ್ಕಿನ ತಲೆಗೆ ಕಟ್ಟಿದ ಹಾಗಾಗುತ್ತದೆ.

"ಅಂಗಡಿಯವರು ಹಾಕಿದ್ದೇ ಕೆಟ್ಟಿರಬೇಕು" ಅಂತ ಅಕ್ಕ ಖಚಿತವಾಗಿ ಹೇಳಿದ್ದಳು. ಪರೀಕ್ಷೆ ಬೇರೆ ಹೇಳಿತು. ಆಮೇಲೆ ಸೇರಿಸಿದ ಸ್ಟಿಕ್ ಬೆಳಗಿನವರೆಗೆ ಒಂದೂ ದೋಷ ಇಲ್ಲದೆ ಓಡಿತು, ಎರಡೂ ಸ್ಲಾಟಿನಲ್ಲಿ. ಕೆಟ್ಟದ್ದು ಲ್ಯಾಪ್‌ಟಾಪಿನ ಜೊತೆಗೆ ಬಂದದ್ದು. ಅನುಮಾನದ ಮೇಲೆ ಪಾರ್ಟ್ ಎಸೆದಿದ್ದರೆ ಒಳ್ಳೆಯದನ್ನು ಎಸೆದು ಕೆಟ್ಟದ್ದನ್ನು ಉಳಿಸಿಕೊಳ್ಳುತ್ತಿದ್ದೆವು.

ನಮ್ಮಲ್ಲಿ ರ‍್ಯಾಮ್ ಅಂದರೆ ಮೊದಲು ರಬ್ಬರ್ ಹಿಡಿದು ಉಜ್ಜುವ ರೂಢಿ ಇದೆ. ಮಲೆನಾಡಿನ ತೇವಕ್ಕೆ ಕಾಂಟ್ಯಾಕ್ಟ್ ಮಂಕಾಗುವುದು ನಿಜ, ಉಜ್ಜಿದರೆ ಕೆಲವೊಮ್ಮೆ ಸರಿಯಾಗುವುದೂ ನಿಜ. ಆದರೆ ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದರೆ ಹೊಸ ತಲೆನೋವು. ಎಳೆ ಬಿಡದ ಬಟ್ಟೆಗೆ ಐಸೊಪ್ರೊಪೈಲ್ ಹಾಕಿ ಒರೆಸುವುದು ವಾಸಿ. ನಾನೂ ಒರೆಸಿ ಮತ್ತೆ ಪರೀಕ್ಷಿಸಿದೆ. ಅದೇ ವಿಳಾಸದಲ್ಲಿ ಅದೇ ದೋಷ. ಕಾಂಟ್ಯಾಕ್ಟಿನ ತೊಂದರೆ ಹೀಗೆ ಒಂದೇ ಬಿಟ್ಟಿಗೆ ಅಂಟಿಕೊಂಡಿರುವುದಿಲ್ಲ, ಚೆಲ್ಲಾಪಿಲ್ಲಿಯಾಗಿರುತ್ತದೆ.

ಬೆಂಗಳೂರಿಗೆ ಹೋದಾಗ ಎಸ್‌ಪಿ ರೋಡಿನಲ್ಲಿ 8 ಜಿಬಿಯ ಡಿಡಿಆರ್4 ಲ್ಯಾಪ್‌ಟಾಪ್ ಸ್ಟಿಕ್ ತಂದೆ. ಈ ಪ್ರೊಸೆಸರ್ 2133ರ ವೇಗದಲ್ಲಿ ಓಡಿಸುತ್ತದೆ. ಅದಕ್ಕಿಂತ ವೇಗದ ಸ್ಟಿಕ್ ಹಾಕಿದರೂ ತಾನೇ ಇಳಿದುಕೊಂಡು ಓಡುತ್ತದೆ, ತೊಂದರೆ ಇಲ್ಲ. ಆದರೆ ಆರನೇ ತಲೆಮಾರಿನ ಲ್ಯಾಪ್‌ಟಾಪುಗಳಲ್ಲಿ ಕೆಲವು ಡಿಡಿಆರ್3ಎಲ್, ಕೆಲವು ಡಿಡಿಆರ್4. ಡಿಡಿಆರ್3ಎಲ್‌ಗೆ 204 ಪಿನ್, ಡಿಡಿಆರ್4ಕ್ಕೆ 260. ಒಂದರ ಸ್ಲಾಟಿಗೆ ಇನ್ನೊಂದು ಕೂರುವುದಿಲ್ಲ. ಹಳೆಯ ಸ್ಟಿಕ್ಕಿನ ಲೇಬಲ್ ಫೋಟೋ ತೆಗೆದುಕೊಂಡು ಹೋಗಿ. ಹೊಸ ಸ್ಟಿಕ್ಕನ್ನೂ ಮೊದಲು ಒಂದು ರಾತ್ರಿ ಮೆಮ್‌ಟೆಸ್ಟ್‌ಗೆ ಹಾಕಿಯೇ ವಿಂಡೋಸ್ ಬೂಟ್ ಮಾಡಿದೆ. ಈಗ ಒಟ್ಟು 12 ಜಿಬಿ.

ಈಗ ವಿಂಡೋಸ್

ನೀಲಿ ಪರದೆ ಅಂದಿನಿಂದ ಇಲ್ಲ. ಆದರೆ ಅಪ್‌ಡೇಟ್ ಇನ್ನೂ 80073712 ಹೇಳಿಯೇ ನಿಂತಿತು. ಇದು ನಿರೀಕ್ಷಿತವೇ. ಅಪ್‌ಡೇಟ್ ಅಂದರೆ ಪೂರ್ತಿ ಫೈಲುಗಳಲ್ಲ. ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸ ಮಾತ್ರ, ಅದೂ ಹಿಂಡಿ ಕಟ್ಟಿದ್ದು. ಅದನ್ನು ರ‍್ಯಾಮ್‌ನಲ್ಲಿ ಬಿಡಿಸಿ, ಹಳೆಯದರ ಜೊತೆ ಸೇರಿಸಿ, ಹೊಸ ಫೈಲ್ ಕಟ್ಟಿ, ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ತಾಳೆ ನೋಡಲಾಗುತ್ತದೆ. ಒಂದು ಬಿಟ್ ತಿರುಗಿದರೂ ತಾಳೆಯಾಗುವುದಿಲ್ಲ. ಅಷ್ಟು ದಿನ ಕೆಟ್ಟ ರ‍್ಯಾಮ್ ಮೇಲೆ ಬರೆದ ಫೈಲುಗಳು ಕಾಂಪೊನೆಂಟ್ ಸ್ಟೋರಿನಲ್ಲಿ ಹಾಗೇ ಉಳಿದಿವೆ. ರ‍್ಯಾಮ್ ಬದಲಿಸಿದ ಮಾತ್ರಕ್ಕೆ ಅವು ಸರಿಯಾಗವು. ಅಂಗಡಿಯ ರಿಪೇರಿ ಯಾಕೆ ನಿಲ್ಲಲಿಲ್ಲ ಅನ್ನುವುದೂ ಇದರಿಂದಲೇ ತಿಳಿಯುತ್ತದೆ. ರಿಪೇರಿಯೂ ಅದೇ ರ‍್ಯಾಮ್ ಮೂಲಕ ನಡೆದಿತ್ತು.

ಮೊದಲು ಜಾಗ. ಸಿ ಡ್ರೈವಿನಲ್ಲಿ 11 ಜಿಬಿ ಮಾತ್ರ ಖಾಲಿ ಇತ್ತು. ಹಳೆಯ ವಿಡಿಯೋಗಳನ್ನು ಹೊರಗಿನ ಡಿಸ್ಕಿಗೆ ಹಾಕಿ, ಡಿಸ್ಕ್ ಕ್ಲೀನಪ್‌ನಲ್ಲಿ ಸಿಸ್ಟಮ್ ಫೈಲುಗಳನ್ನೂ ಆರಿಸಿ 50ರ ಹತ್ತಿರ ಮಾಡಿಕೊಂಡೆ.

ಎಲ್ಲರೂ ಮೊದಲು ಹೇಳುವ ಉಪಾಯ ಸಾಫ್ಟ್‌ವೇರ್ ಡಿಸ್ಟ್ರಿಬ್ಯೂಷನ್ ಫೋಲ್ಡರಿನ ಹೆಸರು ಬದಲಿಸುವುದು. ಡೌನ್‌ಲೋಡ್ ಅರ್ಧಕ್ಕೆ ಕೆಟ್ಟಿದ್ದರೆ ಅದು ಸಾಕು. ಅದು ಅಪ್‌ಡೇಟ್ ಬಂದು ಬೀಳುವ ಜಾಗ ಅಷ್ಟೇ. ಕಾಂಪೊನೆಂಟ್ ಸ್ಟೋರ್ ಕೆಟ್ಟಿದ್ದಾಗ ಅದನ್ನು ಎಷ್ಟು ಸಲ ಖಾಲಿ ಮಾಡಿದರೂ ಫಲವಿಲ್ಲ.

ಕಮಾಂಡ್ ಪ್ರಾಂಪ್ಟ್‌ನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಕಾಂಪೊನೆಂಟ್ ಸ್ಟೋರ್ ಸರಿಮಾಡುವ ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಓಡಿಸಿದೆ. ಇಲ್ಲೊಂದು ಕ್ರಮ ಇದೆ: ಮೊದಲು ಡಿಸ್ಮ್, ಆಮೇಲೆ ಸಿಸ್ಟಮ್ ಫೈಲುಗಳನ್ನು ಸರಿಮಾಡುವ ಎಸ್‌ಎಫ್‌ಸಿ. ಎಸ್‌ಎಫ್‌ಸಿ ಒಳ್ಳೆಯ ಪ್ರತಿಗಳನ್ನು ತೆಗೆದುಕೊಳ್ಳುವುದೇ ಕಾಂಪೊನೆಂಟ್ ಸ್ಟೋರಿನಿಂದ. ಸ್ಟೋರ್ ಕೆಟ್ಟಿರುವಾಗ ಎಸ್‌ಎಫ್‌ಸಿ ಓಡಿಸಿದರೆ ಎಲ್ಲಿಂದ ತಂದು ಸರಿಮಾಡೀತು? ಡಿಸ್ಮ್ ಬಹಳ ಹೊತ್ತು ಓಡಿ, ಬೇಕಾದ ಮೂಲ ಫೈಲುಗಳು ಸಿಗಲಿಲ್ಲ ಅಂತ ನಿಂತಿತು. ವಿಂಡೋಸ್ ಐಎಸ್‌ಒದಿಂದ (ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಪ್ರತಿ ಇರುವ ಫೈಲ್) ತೆಗೆದುಕೊ ಅಂತ ದಾರಿ ತೋರಿಸಿದೆ, ಆಗಲೂ ಅದೇ ಉತ್ತರ. ಲ್ಯಾಪ್‌ಟಾಪಿನ ಕೆಟ್ಟ ಫೈಲುಗಳು ಐಎಸ್‌ಒ ಬಂದ ನಂತರದ ತಿಂಗಳುಗಳವು, ಐಎಸ್‌ಒದಲ್ಲಿ ಅವು ಇರುವುದೇ ಇಲ್ಲ.

ಇಲ್ಲಿ ಬಹಳ ಜನ ಫಾರ್ಮ್ಯಾಟ್ ಮಾಡಿಬಿಡುತ್ತಾರೆ. ಅದಕ್ಕೂ ಮೊದಲು ಇನ್ನೊಂದು ಮೆಟ್ಟಿಲು ಇದೆ. ವಿಂಡೋಸ್ ಒಳಗಿನಿಂದಲೇ ಐಎಸ್‌ಒ ತೆರೆದು ಸೆಟಪ್ ಓಡಿಸಿ, "ಫೈಲುಗಳನ್ನೂ ಆಪ್‌ಗಳನ್ನೂ ಉಳಿಸಿಕೊ" ಅನ್ನುವುದನ್ನು ಆರಿಸಬೇಕು. ವಿಂಡೋಸ್ ತನ್ನನ್ನು ಪೂರ್ತಿ ಹೊಸದಾಗಿ ಹಾಕಿಕೊಳ್ಳುತ್ತದೆ, ಕಾಂಪೊನೆಂಟ್ ಸ್ಟೋರೂ ಹೊಸದು. ಫೈಲ್, ಪ್ರಿಂಟರ್, ನುಡಿ ಎಲ್ಲ ಇದ್ದಲ್ಲೇ ಇರುತ್ತವೆ.

ಆ ಆಯ್ಕೆ ಮಸುಕಾಗಿ, ಒತ್ತಲಾಗದೆ ಇರುವುದುಂಟು. ಮುಖ್ಯ ಕಾರಣ ಭಾಷೆ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳಲ್ಲಿ ಕೆಲವು ಅಮೆರಿಕದ ಇಂಗ್ಲಿಷ್, ಕೆಲವು ಬ್ರಿಟನ್ನಿನ ಇಂಗ್ಲಿಷ್. ಎರಡಕ್ಕೂ ಐಎಸ್‌ಒ ಬೇರೆ. ಡಿಸ್ಮ್‌ನ ಗೆಟ್-ಇಂಟ್ಲ್ ಕಮಾಂಡ್ ಕೊಟ್ಟರೆ ಮೂಲ ಭಾಷೆ ತೋರಿಸುತ್ತದೆ. ಅಕ್ಕನದ್ದು ಬ್ರಿಟನ್ನಿನದು, ಅಂದರೆ ಡೌನ್‌ಲೋಡ್ ಪುಟದಲ್ಲಿ "ಇಂಗ್ಲಿಷ್ ಇಂಟರ್‌ನ್ಯಾಷನಲ್" ಅಂತ ಇರುವುದನ್ನು ಇಳಿಸಿಕೊಳ್ಳಬೇಕು. ಹೋಮ್ ಸಿಂಗಲ್ ಲಾಂಗ್ವೇಜ್ ಕೂಡ ಅದೇ ಐಎಸ್‌ಒದಲ್ಲಿ ಸೇರಿಕೊಂಡಿದೆ, ಹುಡುಕಾಡಬೇಕಿಲ್ಲ.

ಸೆಟಪ್ ಓಡಿಸುವ ಮೊದಲು ಕರೆಂಟಿನ ವಿಷಯ. ಮಳೆಗಾಲದಲ್ಲಿ ಸಾಗರದ ಕಡೆ ಕರೆಂಟ್ ಹೋಗುವುದು ಹೊಸತಲ್ಲ. ವಿಂಡೋಸ್‌ನ ಪವರ್‌ಸಿಎಫ್‌ಜಿ ಕಮಾಂಡಿನಿಂದ ಬ್ಯಾಟರಿ ರಿಪೋರ್ಟ್ ತೆಗೆದು ನೋಡಿದರೆ, ಬ್ಯಾಟರಿ ಹೊಸದರಲ್ಲಿ ಹಿಡಿಯುತ್ತಿದ್ದದ್ದರ ಮೂರರಲ್ಲಿ ಒಂದು ಪಾಲೂ ಈಗ ಹಿಡಿಯುತ್ತಿರಲಿಲ್ಲ. ಅಪ್‌ಡೇಟ್ ಮಧ್ಯೆ ಕರೆಂಟ್ ಹೋಗಿ, ಬ್ಯಾಟರಿಯೂ ಕೈಕೊಟ್ಟರೆ ಮತ್ತೆ ಫೈಲು ಕೆಡುತ್ತದೆ. ಆಗ ಒಳ್ಳೆಯ ರ‍್ಯಾಮ್ ಇದ್ದೂ ಏನು ಬಂತು? ಇನ್ವರ್ಟರ್ ಲೈನಿಗೆ ಹಾಕಿ ಕೆಲಸ ಮುಗಿಸಿದೆ. ಹೊಸ ಬ್ಯಾಟರಿಯನ್ನೂ ತರಿಸಿ ಹಾಕಿದೆ.

ಸೆಟಪ್ ತಾನಾಗಿ ರೀಸ್ಟಾರ್ಟ್ ಆಗುತ್ತಾ ಮುಗಿಯಿತು. ಆಮೇಲೆ ಅಪ್‌ಡೇಟ್ ಹುಡುಕಿಸಿದೆ. ಆ ತಿಂಗಳ ಕ್ಯುಮುಲೇಟಿವ್ (ಹಿಂದಿನವೆಲ್ಲ ಸೇರಿದ) ಅಪ್‌ಡೇಟ್ ಇಳಿಯಿತು, ಇನ್‌ಸ್ಟಾಲ್ ಆಯಿತು, ಹಿಂದಕ್ಕೆ ಹೋಗಲಿಲ್ಲ. ಡಿಸ್ಮ್ ಸ್ಕ್ಯಾನ್ ಶುದ್ಧ, ಎಸ್‌ಎಫ್‌ಸಿಯೂ ಶುದ್ಧ. ಸೆಕ್ಯೂರ್ ಬೂಟ್ ಮತ್ತೆ ಆನ್ ಮಾಡಿದೆ.

ಉಳಿದದ್ದು ಆ 80070643. ಅದು 2024ರ ಜನವರಿಯದು. ಕೆಬಿ5034441 ಅನ್ನುವ ಅಪ್‌ಡೇಟಿಗೆ ರಿಕವರಿ ಪಾರ್ಟಿಷನ್ನಿನಲ್ಲಿ (ರಿಪೇರಿಗೆಂದು ಡಿಸ್ಕಿನಲ್ಲಿ ಕಾದಿಟ್ಟ ಭಾಗ) 250 ಎಂಬಿ ಖಾಲಿ ಜಾಗ ಬೇಕಿತ್ತು. ಹಳೆಯ ಲ್ಯಾಪ್‌ಟಾಪುಗಳಲ್ಲಿ ಆ ಪಾರ್ಟಿಷನ್ ಚಿಕ್ಕದು. ಹಾಗಾಗಿ ರ‍್ಯಾಮ್ ಒಳ್ಳೆಯದಿದ್ದ ಯಂತ್ರಗಳಲ್ಲೂ ಈ ಕೋಡ್ ಬಂದಿದೆ. ಇದನ್ನು ಕಂಡವರು ರ‍್ಯಾಮ್ ಬಿಚ್ಚುವುದು ಬೇಡ, ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಪಾರ್ಟಿಷನ್ ಅಳತೆ ನೋಡಿದರೆ ಸಾಕು. ಅಕ್ಕನದ್ದರಲ್ಲಿ ಸೆಟಪ್ ಮುಗಿದ ಮೇಲೆ ನೋಡಿದೆ. ಅದು ತಾನೇ ಹೊಸ, ದೊಡ್ಡ ರಿಕವರಿ ಪಾರ್ಟಿಷನ್ ಮಾಡಿಕೊಂಡಿತ್ತು. ನಾನು ಕೈ ಹಾಕುವ ಕೆಲಸ ಉಳಿಯಲಿಲ್ಲ.

ಮುಂದಿನ ವ್ಯವಸ್ಥೆ

ಅಪ್‌ಡೇಟ್ ಪುಟದಲ್ಲೇ ಹೆಚ್ಚುವರಿ ಸೆಕ್ಯುರಿಟಿ ಅಪ್‌ಡೇಟಿಗೆ ಸೇರುವ ಕೊಂಡಿ ಕಾಣಿಸಿತು. ಅಕ್ಕ ತನ್ನ ಅಕೌಂಟಿನಲ್ಲಿ ಸೈನ್ ಇನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದಳು. ದುಡ್ಡು ಕೊಡಬೇಕಾಗಲಿಲ್ಲ. 2026ರ ಅಕ್ಟೋಬರ್ 13ರವರೆಗೆ ಸೆಕ್ಯುರಿಟಿ ಅಪ್‌ಡೇಟ್ ಬರುತ್ತದೆ. ಅಷ್ಟರೊಳಗೆ ಹಳೆಯ ನುಡಿ ಫೈಲುಗಳನ್ನು ಯೂನಿಕೋಡ್‌ಗೆ ಬದಲಿಸಿಕೊಳ್ಳಬೇಕು ಅಂತ ಇಬ್ಬರೂ ಮಾತಾಡಿಕೊಂಡಿದ್ದೇವೆ. ಆಗ ಇದೇ ಲ್ಯಾಪ್‌ಟಾಪಿಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕಿದರೂ ಅಕ್ಷರದ ತಕರಾರು ಇರುವುದಿಲ್ಲ. 12 ಜಿಬಿ ರ‍್ಯಾಮ್ ಅದಕ್ಕೆ ಬೇಕಾದ್ದಕ್ಕಿಂತ ಜಾಸ್ತಿಯೇ.

ಕೆಟ್ಟ ಸ್ಟಿಕ್ಕಿನ ಮೇಲೆ ಮಾರ್ಕರಿನಲ್ಲಿ ಅಡ್ಡ ಗೆರೆ ಎಳೆದು ಇ-ತ್ಯಾಜ್ಯದ ಡಬ್ಬಕ್ಕೆ ಹಾಕಿದೆ. ಬಿಸಿಯಾಗುವವರೆಗೆ ಅದು ಚೆನ್ನಾಗಿಯೇ ಓಡುತ್ತದೆ. ಗುರುತಿಲ್ಲದೆ ಬಿಟ್ಟರೆ ಸೆಕೆಂಡ್ ಹ್ಯಾಂಡ್ ಆಗಿ ಇನ್ನೊಬ್ಬರ ಲ್ಯಾಪ್‌ಟಾಪ್ ಸೇರಿಬಿಡಬಹುದು. ರಿಲಯಬಿಲಿಟಿ ಮಾನಿಟರನ್ನು ತಿಂಗಳಿಗೊಮ್ಮೆ ತೆರೆದು ಫೋಟೋ ಕಳಿಸು ಅಂತ ಅಕ್ಕನಿಗೆ ಹೇಳಿದ್ದೇನೆ. ಇಲ್ಲಿಯವರೆಗೆ ಬಂದ ಫೋಟೋಗಳಲ್ಲಿ ಕೆಂಪು ಗುರುತು ಇದ್ದದ್ದು ಪ್ರಿಂಟರಿನ ಸಾಫ್ಟ್‌ವೇರಿನದು ಮಾತ್ರ. ಅದರ ಹೊಸ ಆವೃತ್ತಿ ಹಾಕಿಕೊಳ್ಳಲು ಹೇಳಿದ್ದೇನೆ.